ಕಂಪ್ರೆಸರ್ ಎನ್ನುವ ಮೊದಲು ಬೆಲ್ಟ್

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕಾರಿನ ಎಸಿ ತಣ್ಣಗಾಗುತ್ತಿಲ್ಲ ಎಂದರೆ ನಾನು ಹೆಚ್ಚಾಗಿ ಕೇಳಿರುವ ಉತ್ತರ ಎರಡೇ. ‘ಗ್ಯಾಸ್ ತುಂಬ್ಸಿ ಬುಡಿ’ ಅಥವಾ ‘ಕಂಪ್ರೆಸರ್ ಹೋಗ್ಬುಟ್ಟದೆ’. ಬಾನೆಟ್ ಎತ್ತುವ ಮೊದಲೇ ಬರುವ ಈ ತೀರ್ಪುಗಳ ಬಗ್ಗೆ ನನ್ನ ತಕರಾರಿದೆ.

ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಗಳಲ್ಲೇ ಸುತ್ತುತ್ತಿರುತ್ತದೆ. ಹೋದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಉಳಿದಿಲ್ಲವೆಂದರೆ ಎಲ್ಲೋ ಸೋರಿಕೆಯಿದೆ. ಕಂಪ್ರೆಸರಿಗೆ ಬೇಕಾದ ಎಣ್ಣೆಯೂ ಆ ಗ್ಯಾಸಿನ ಜೊತೆಗೇ ತಿರುಗುವುದರಿಂದ, ಸೋರಿಕೆ ಹುಡುಕದೆ ತುಂಬಿಸುತ್ತಲೇ ಹೋದರೆ ಗಟ್ಟಿಯಿದ್ದ ಕಂಪ್ರೆಸರೂ ಒಣಗಿ ಹಾಳಾಗುತ್ತದೆ.

ಸದ್ದಿನ ವಿಷಯದಲ್ಲಂತೂ ಅವಸರ ಇನ್ನೂ ಹೆಚ್ಚು. ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ನನ್ನ ಕಾರು ಕಿರುಗುಟ್ಟತೊಡಗಿದಾಗ ಒಬ್ಬರು ನೇರವಾಗಿ ಹೊಸ ಕಂಪ್ರೆಸರಿನ ಬೆಲೆ ಹೇಳಿದರು. ಇನ್ನೊಬ್ಬ ಮೇಸ್ತ್ರಿ ಎಂಜಿನ್ ಓಡಿಸಿ, ಎಸಿ ಹಾಕಿ, ಆರಿಸಿ, ಸುಮ್ಮನೆ ಕಿವಿಗೊಟ್ಟು ನಿಂತರು. ಇಡೀ ರೋಗಪತ್ತೆಯ ತಿರುಳು ಆ ನಿಲುವಿನಲ್ಲೇ ಇದೆ. ಕ್ಲಚ್ ಇರುವ ಕಂಪ್ರೆಸರಿನಲ್ಲಿ ಎಸಿ ಆರಿಸಿದರೂ ಪುಲ್ಲಿ ತಿರುಗುತ್ತಲೇ ಇರುತ್ತದೆ. ಆಗಲೂ ಸದ್ದು ನಿಲ್ಲದಿದ್ದರೆ ಪುಲ್ಲಿಯ ಬೇರಿಂಗನ್ನೋ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರನ್ನೋ ಮೊದಲು ಅನುಮಾನಿಸಬೇಕು. ಎಸಿ ಹಾಕಿದಾಗ ಮಾತ್ರ ಬಂದರೆ ಕ್ಲಚ್, ಕಂಪ್ರೆಸರ್, ಇಲ್ಲವೇ ಹೊರೆ ತಾಳದೆ ಜಾರುವ ಬೆಲ್ಟ್. ಅವರು ಓಡುತ್ತಿದ್ದ ಬೆಲ್ಟಿನ ಗೀರುಗಳಿಗೆ ದೂರದಿಂದ ಸ್ವಲ್ಪ ನೀರು ಚಿಮುಕಿಸಿದರು. ಸದ್ದು ಜೋರಾದರೆ ಬಿಗಿ ಸಾಲದು; ಕ್ಷಣಕಾಲ ನಿಂತು ಮತ್ತೆ ಶುರುವಾದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ನನ್ನ ಕಾರಿನಲ್ಲಿ ಸದ್ದು ಜೋರಾಯಿತು. ಟೆನ್ಷನರ್ ಬದಲಾಯಿತು, ಕಂಪ್ರೆಸರ್ ಅಲ್ಲೇ ಉಳಿಯಿತು.

ಬೆಲ್ಟಿನಲ್ಲಿ ಬಿರುಕಿಲ್ಲ, ಆದ್ದರಿಂದ ಚೆನ್ನಾಗಿದೆ ಎನ್ನುವುದು ಹಳೆಯ ಲೆಕ್ಕ. ಈಗಿನ ರಬ್ಬರು ಬಿರಿಯುವುದು ಅಪರೂಪ; ಟೈರಿನಂತೆ ಸವೆಯುತ್ತದೆ. ಗೀರಿನ ಆಳ ನೋಡಬೇಕು. ಹಲವು ಕಾರುಗಳಲ್ಲಿ ಆಲ್ಟರ್ನೇಟರಿಗೂ ನೀರಿನ ಪಂಪಿಗೂ ಅದೇ ಬೆಲ್ಟು. ಅದು ತುಂಡಾದರೆ ಬರೀ ಸೆಕೆಯಲ್ಲ, ಎಂಜಿನ್ನೇ ಕಾದು ನಿಂತೀತು.

ನಮ್ಮ ಸೀಮೆಯದೇ ಇನ್ನೊಂದು ಸುಳಿವಿದೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಓಡುವಾಗ ತಂಪಾಗಿದ್ದು, ಕೆಳಗಿಳಿದು ಪೇಟೆಯಲ್ಲೋ ಕಬ್ಬಿನ ಟ್ರಾಕ್ಟರ್ ಹಿಂದೆಯೋ ತೆವಳುವಾಗ ಬಿಸಿ ಗಾಳಿ ಬಂದರೆ, ಮೊದಲು ಕಂಡೆನ್ಸರಿನ ಫ್ಯಾನ್ ನೋಡಿಸಿ. ಕಂಡೆನ್ಸರಿನ ಸಂದುಗಳಲ್ಲಿ ಧೂಳು, ಕಬ್ಬಿನ ತರಗು ಕೂತಿದೆಯೇ ನೋಡಿಸಿ. ಆಮೇಲೆ ಗ್ಯಾಸಿನ ಒತ್ತಡ ತೋರಿಸುವ ಗೇಜ್ ಹಾಕಿಸಿ. ಕಂಪ್ರೆಸರ್ ತಿರುಗುತ್ತಿದ್ದರೂ ಹೆಚ್ಚು ಒತ್ತಡದ್ದು, ಕಡಿಮೆ ಒತ್ತಡದ್ದು ಎರಡೂ ಮುಳ್ಳುಗಳು ಸಮಸಮ ನಿಂತಿದ್ದರೆ, ಆಗ ಆ ಮೇಸ್ತ್ರಿಯೂ ‘ಕಂಪ್ರೆಸರ್’ ಎಂದಾರು. ಆ ಮಾತನ್ನು ನಾನು ನಂಬುತ್ತೇನೆ.