ಜಾವಾ ಭಾಷೆಯಲ್ಲಿ ಅಕ್ಷರಸರಣಿಯ ಮಿತವ್ಯಯ: ಒಂದು ವಿಮರ್ಶೆ

ಸ್ಟ್ರಿಂಗ್ ಎಂದು ರೂಢಿಯಲ್ಲಿರುವ ಅಕ್ಷರಸರಣಿಯ ನಿರ್ವಹಣೆಯಲ್ಲಿ ಜಾವಾ ಎಂಬ ಗಣಕಭಾಷೆಯು 2012ರಲ್ಲಿ ಒಮ್ಮೆ, 2017ರಲ್ಲಿ ಮತ್ತೊಮ್ಮೆ ಮುಖ್ಯವಾದ ಮಾರ್ಪಾಟುಗಳನ್ನು ಹೊಂದಿತು. ಎರಡಕ್ಕೂ ಮಿತವ್ಯಯವೇ ಉದ್ದೇಶ. ಆ ಮಿತವ್ಯಯದ ಭಾರವು ಯಾರ ಮೇಲೆ ಬಿದ್ದಿತೆಂಬುದು ವಿಚಾರಾರ್ಹವಾಗಿದೆ.

ಮೊದಲು, ದೀರ್ಘವಾದ ಸರಣಿಯಿಂದ ಒಂದು ಖಂಡವನ್ನು ತೆಗೆದಾಗ ಅಕ್ಷರಗಳ ಪ್ರತಿಯಾಗುತ್ತಿರಲಿಲ್ಲ. ಖಂಡವು ಮೂಲದ ಭಂಡಾರವನ್ನೇ ಆಶ್ರಯಿಸಿ, ಆರಂಭಸ್ಥಾನವನ್ನೂ ಉದ್ದವನ್ನೂ ಮಾತ್ರ ಗುರುತಿಟ್ಟುಕೊಳ್ಳುತ್ತಿತ್ತು. ಖಂಡವು ಎಷ್ಟೇ ದೊಡ್ಡದಾದರೂ ಶ್ರಮವು ಒಂದೇ. ದೋಷವೂ ಅಲ್ಲಿಯೇ ಅಡಗಿತ್ತು: ಹತ್ತು ಅಕ್ಷರಗಳ ಖಂಡವೊಂದು ಉಳಿದಿರುವವರೆಗೂ ಹತ್ತು ಲಕ್ಷ ಅಕ್ಷರಗಳ ಮೂಲವು ಸ್ಮೃತಿಕೋಶದಿಂದ ತೊಲಗುವಂತಿರಲಿಲ್ಲ. ಏಳನೆಯ ಆವೃತ್ತಿಯ ಆರನೆಯ ಪರಿಷ್ಕರಣದಲ್ಲಿ ಈ ಏರ್ಪಾಡನ್ನು ಬಿಟ್ಟು, ಖಂಡಕ್ಕೆ ಸ್ವಂತ ಪ್ರತಿಯನ್ನು ಮಾಡಿಕೊಡುವಂತೆ ವಿಧಿಸಲಾಯಿತು.

ಇದರಿಂದ ಫಲವು ಬದಲಾಗಲಿಲ್ಲ, ಶ್ರಮವು ಬದಲಾಯಿತು. ಒಂದು ಲಕ್ಷ ಅಕ್ಷರಗಳ ಬರಹದ ಮುಂದಿನಿಂದ ಒಂದೊಂದೇ ಅಕ್ಷರವನ್ನು ಕಳೆದು ಉಳಿದುದನ್ನು ಮತ್ತೆ ಖಂಡಿಸುತ್ತ ಹೋಗುವ ಕ್ರಮವಿಧಿಯು, ಹೊಸ ಏರ್ಪಾಡಿನಲ್ಲಿ ಸುಮಾರು 500 ಕೋಟಿ ಅಕ್ಷರಗಳನ್ನು ನಕಲು ಮಾಡಬೇಕಾಗುತ್ತದೆ. ವೇಗವನ್ನು ಭಾಷೆಯು ಎಂದೂ ವಾಗ್ದಾನ ಮಾಡಿರಲಿಲ್ಲವೆಂಬ ಸಮಾಧಾನವು ಅಕ್ಷರಶಃ ನಿಜ. ಆದರೂ ಅದನ್ನು ನಂಬಿ ಕಟ್ಟಿದವರಿಗೆ ಅದರಿಂದ ಪ್ರಯೋಜನವಿಲ್ಲ. ಮಾರ್ಪಾಟು ಯುಕ್ತವೇ ಸರಿ. ಅದನ್ನು ಮುಂದಿನ ಆವೃತ್ತಿಗೆ ಕಾದಿರಿಸದೆ ಕಿರಿಯ ಪರಿಷ್ಕರಣವೊಂದರಲ್ಲಿ ಸೇರಿಸಿದುದು ಯುಕ್ತವೆನ್ನಲಾಗದು.

ಎರಡನೆಯದು ಒಂಬತ್ತನೆಯ ಆವೃತ್ತಿಯದು. ಅದುವರೆಗೆ ಎರಡು ಬೈಟುಗಳಲ್ಲಿ ಇರುತ್ತಿದ್ದ ಅಕ್ಷರವು, ಇಡೀ ಸರಣಿಯು ಲ್ಯಾಟಿನ್-1ರ 256 ಸಂಕೇತಗಳೊಳಗೆ ಅಡಗುವುದಾದರೆ ಒಂದೇ ಬೈಟಿನಲ್ಲಿ ನಿಲ್ಲುವಂತಾಯಿತು. ಬಹುಪಾಲು ಸರಣಿಗಳು ಈ ಬಗೆಯವೇ ಎಂಬುದು ಕರ್ತೃಗಳ ಆಧಾರ. ಕನ್ನಡಕ್ಕೆ ಇದರಿಂದ ಲಾಭವಿಲ್ಲ. ಯೂನಿಕೋಡಿನಲ್ಲಿ ಕನ್ನಡದ ಸ್ಥಾನವು 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಇರುವುದಷ್ಟೆ. ‘ಕನ್ನಡ’ ಎಂಬ ಪದವು ವಿರಾಮಚಿಹ್ನೆಯೂ ಸೇರಿ ಐದು ಸಂಕೇತಗಳಾಗಿ, ಹಿಂದಿನಂತೆಯೇ 10 ಬೈಟುಗಳನ್ನು ಬೇಡುತ್ತದೆ. ಸಾವಿರ ರೋಮನ್ ಅಕ್ಷರಗಳ ಬರಹಕ್ಕೆ 1000 ಬೈಟು ಸಾಕು. ಅದರ ನಡುವೆ ಒಂದೇ ಒಂದು ‘ಕ’ಕಾರವನ್ನು ಸೇರಿಸಿದರೆ 2002 ಆಗುತ್ತದೆ. ಮಿಶ್ರಬರಹವೇ ವಾಡಿಕೆಯಾಗಿರುವ ನಾಡಿನಲ್ಲಿ ಇದು ಅಲ್ಪಸಂಗತಿಯಲ್ಲ.

ಹಾಗೆಂದು ಕನ್ನಡಕ್ಕೆ ಅನ್ಯಾಯವಾಯಿತೆಂದು ದೂರುವುದೂ ಅವಸರದ ಮಾತು. 2019ರಲ್ಲಿ ಸ್ವಿಫ್ಟ್ ಭಾಷೆಯ ಐದನೆಯ ಆವೃತ್ತಿಯು ಅಂಗೀಕರಿಸಿದ ಯುಟಿಎಫ್-8 ಕ್ರಮದಲ್ಲಿ ಅದೇ ಪದಕ್ಕೆ 15 ಬೈಟುಗಳು ಬೇಕು. 2012ರ ಪೈಥಾನ್ 3.3ರಲ್ಲಿ ಕನ್ನಡದ ಸಂಕೇತಕ್ಕೆ ಎರಡು ಬೈಟುಗಳಾದರೂ, ಒಂದು ನಗೆಮುಖದ ಚಿತ್ರಾಕ್ಷರವು ಸೇರಿದೊಡನೆ ಇಡೀ ಬರಹವೇ ನಾಲ್ಕು ನಾಲ್ಕು ಬೈಟುಗಳಿಗೆ ಹಿಗ್ಗುತ್ತದೆ. ಜಾವಾದಲ್ಲಿ ಆ ಚಿತ್ರಾಕ್ಷರವೊಂದು ಮಾತ್ರ ನಾಲ್ಕನ್ನು ಪಡೆಯುತ್ತದೆ. ಅಲ್ಲದೆ, ಲ್ಯಾಟಿನೇತರ ಬರಹವೇ ಪ್ರಧಾನವಾಗಿರುವ ಕಡೆಗಳಲ್ಲಿ ಈ ಸಂಕೋಚಕ್ರಮವನ್ನು ನಿಲ್ಲಿಸಿಡಲು ಜಾವಾದ ಕರ್ತೃಗಳು ಅವಕಾಶವನ್ನು ಕಲ್ಪಿಸಿರುವರು. ಹಾಗೆ ನಿಲ್ಲಿಸಿದಲ್ಲಿ ಸ್ಥಳವೇನೂ ಉಳಿಯದು. ಪ್ರತಿ ಸರಣಿಯನ್ನೂ ಕುಗ್ಗಿಸಲಾದೀತೇ ಎಂದು ಪರೀಕ್ಷಿಸುವ ವ್ಯರ್ಥಶ್ರಮವು ಮಾತ್ರ ತಪ್ಪುತ್ತದೆ.