ತೀರ್ಪಿನ ವಾಚನ: ಕೇಳುವವರಿಗೊಂದು ಕೈಪಿಡಿ

ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯಮಾತೆಯ ಬಸಿಲಿಕಾಗೆ ಎಲ್ಲ ಮತದವರೂ ಬರುತ್ತಾರೆ. ಹರಕೆ, ಮೇಣದಬತ್ತಿ, ಮೆರವಣಿಗೆ ಇವೆಲ್ಲ ಅವರಿಗೆ ಪರಿಚಿತ. ಆದರೆ ಬಲಿಪೂಜೆಯ ನಡುವೆ ಗಟ್ಟಿಯಾಗಿ ಓದುವ ಬೈಬಲ್ ವಾಚನವೂ ಒಂದು ಕಲೆ, ಅದನ್ನು ಕೇಳಲಿಕ್ಕೂ ಕಿವಿ ಪಳಗಬೇಕು ಎಂಬುದು ಹೊಳೆಯುವುದು ಕಡಿಮೆ. ಯಾವುದೋ ದಿನ ಒಳಗೆ ಬಂದವರ ಕಿವಿಗೆ ದೇವರ ಕೋಪ, ಕೊನೆಯ ತೀರ್ಪು ಎಂಬ ಮಾತು ಬಿದ್ದರೆ ಕೆಲವರು ಹೆದರುತ್ತಾರೆ, ಕೆಲವರು ಬೇಸರಪಟ್ಟು ಎದ್ದು ಹೋಗುತ್ತಾರೆ. ಇಬ್ಬರೂ ಅರ್ಧ ಮಾತ್ರ ಕೇಳಿದ್ದಾರೆ ಎಂಬುದು ನನ್ನ ವಾದ. ತೀರ್ಪಿನ ಮಾತನ್ನು ಆ ದಿನದ ಉಳಿದ ಪಾಠಗಳೊಡನೆ ಕೂಡಿಸಿ ಕೇಳಿದರೆ, ಇನ್ನೂ ಹೊತ್ತು ಮೀರಿಲ್ಲ ಎಂದು ಎಚ್ಚರಿಸುವ ದನಿ ಅದರಲ್ಲಿ ಕೇಳಿಸುತ್ತದೆ.

ಮೊದಲು ಈ ವಾಚನಗಳ ರಚನೆಯನ್ನು ತಿಳಿಯೋಣ. ಎರಡನೇ ವ್ಯಾಟಿಕನ್ ಮಹಾಸಭೆಯ ತರುವಾಯ, 1969ರಲ್ಲಿ ಬಂದ ಕಥೋಲಿಕ ವಾಚನಗಳ ಕ್ರಮದಲ್ಲಿ ಭಾನುವಾರದ ಪಾಠಗಳು ಮೂರು ವರ್ಷಕ್ಕೊಂದು ಸುತ್ತು ಮುಗಿಸುತ್ತವೆ. ಉಳಿದ ದಿನಗಳ ಮೊದಲ ವಾಚನ ವರ್ಷದ ಬಹುಭಾಗ ಎರಡು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ವಾರದ ದಿನಗಳಲ್ಲಿ ಮೊದಲ ವಾಚನ, ಅದಕ್ಕೆ ಉತ್ತರವಾಗಿ ಕೀರ್ತನೆ, ಆಮೇಲೆ ಶುಭಸಂದೇಶ. ಸಮಸಂಖ್ಯೆಯ ವರ್ಷಗಳ ಜುಲೈ ಮೊದಲ ವಾರದ ಶುಕ್ರವಾರ ಸಾಮಾನ್ಯವಾಗಿ ಪ್ರವಾದಿ ಆಮೋಸನ ಎಂಟನೆಯ ಅಧ್ಯಾಯ ಬರುತ್ತದೆ. ದಾವಣಗೆರೆ ಸೀಮೆಯಲ್ಲಿ ಅದು ಮೆಕ್ಕೆಜೋಳದ ಬಿತ್ತನೆಯ ಕಾಲ. ಕುರಿ ಕಾಯುತ್ತಿದ್ದ ಆಮೋಸ ಬೈಯುವುದು ಧಾನ್ಯದ ವ್ಯಾಪಾರಿಗಳನ್ನು: ಅಳತೆಯ ಕೊಳಗ ಚಿಕ್ಕದು ಮಾಡುವವರನ್ನು, ತಕ್ಕಡಿಯಲ್ಲಿ ಮೋಸ ಮಾಡುವವರನ್ನು, ಗೋದಿಯ ಹೊಟ್ಟನ್ನೂ ಮಾರಿಕೊಳ್ಳುವವರನ್ನು, ಒಂದು ಜೊತೆ ಕೆರದ ಬೆಲೆಗೆ ಬಡವನನ್ನೇ ಕೊಳ್ಳುವವರನ್ನು. ಎಪಿಎಂಸಿ ಯಾರ್ಡಿನ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂಕದಲ್ಲಿ ಕಳೆದುಕೊಂಡ ರೈತನ ಪಕ್ಕದಲ್ಲಿ ನಿಂತು ಕೇಳಿದರೆ ದೇವರ ಕೋಪ ಅವನ ಪಾಲಿನ ಆಸರೆ. ಅದೇ ದಿನದ ಶುಭಸಂದೇಶದಲ್ಲಿ ಸುಂಕದ ಕಟ್ಟೆಯಲ್ಲಿ ಕೂತಿದ್ದ ಮತ್ತಾಯನನ್ನು ಯೇಸು ಕರೆಯುತ್ತಾನೆ, ಅವನಂಥವರ ಜೊತೆ ಊಟಕ್ಕೆ ಕೂರುತ್ತಾನೆ. ಬೆಳಗಿನ ಒಂದೇ ಪೂಜೆಯಲ್ಲಿ ಲೆಕ್ಕ ಕೇಳುವ ದನಿಯೂ ಇದೆ, ಲೆಕ್ಕ ತಪ್ಪಿದವನನ್ನು ಕರೆಯುವ ದನಿಯೂ ಇದೆ.

ಈ ಎರಡು ದನಿಗಳು ಕೂಡಿ ಬಂದದ್ದು ಕಾಕತಾಳೀಯವಲ್ಲವೇ ಎಂದು ಕೇಳಬಹುದು. ಹೌದು, ವಾರದ ದಿನಗಳಲ್ಲಿ ಎರಡೂ ಪಾಠಗಳು ಬಹುಮಟ್ಟಿಗೆ ತಮ್ಮ ತಮ್ಮ ದಾರಿಯಲ್ಲಿ ಸಾಗುತ್ತವೆ. ಆದರೆ ಭಾನುವಾರದ ಜೋಡಣೆ ಉದ್ದೇಶಪೂರ್ವಕ. ಆ ಸುತ್ತಿನ ಮೂರನೆಯ ವರ್ಷದ ಕೊನೆಗೆ, ಕ್ರಿಸ್ತರಾಜರ ಹಬ್ಬದ ಹಿಂದಿನ ಭಾನುವಾರ, ಒಲೆಯಂತೆ ಉರಿಯುವ ದಿನ ಬರುತ್ತದೆಂದು ಪ್ರವಾದಿ ಮಲಾಕಿಯ ಎಚ್ಚರಿಸುತ್ತಾನೆ. ಅದಕ್ಕೆ ಉತ್ತರವಾಗಿ 98ನೆಯ ಕೀರ್ತನೆಯಲ್ಲಿ ನ್ಯಾಯ ತೀರಿಸಲು ದೇವರು ಬರುತ್ತಾನೆಂದು ನದಿಗಳು ಚಪ್ಪಾಳೆ ತಟ್ಟುತ್ತವೆ. ತುಂಗಭದ್ರೆಯ ದಡದಲ್ಲಿ ಇದನ್ನು ಕೇಳುವವರು ಒಂದು ಕ್ಷಣ ಯೋಚಿಸಬೇಕು: ತೀರ್ಪು ಬರೀ ದಂಡನೆಯಾಗಿದ್ದರೆ ನದಿ ಯಾಕೆ ಹಿಗ್ಗುತ್ತದೆ? ಕನ್ನಡ ಸತ್ಯವೇದ ಇದಕ್ಕೊಂದು ಸುಳುಹು ಕೊಡುತ್ತದೆ. ಹಳೆಯ ಒಡಂಬಡಿಕೆಯ ಒಂದು ಪುಸ್ತಕಕ್ಕೆ ಅದರಲ್ಲಿ 'ನ್ಯಾಯಸ್ಥಾಪಕರು' ಎಂದು ಹೆಸರು. ಅದರಲ್ಲಿ ಬರುವ ನಾಯಕರ ಮುಖ್ಯ ಕೆಲಸ ಜನರನ್ನು ಶತ್ರುಗಳ ಕೈಯಿಂದ ಬಿಡಿಸುವುದು. ಮುರಿದುಬಿದ್ದ ನ್ಯಾಯವನ್ನು ಮತ್ತೆ ನಿಲ್ಲಿಸುವುದೇ ತೀರ್ಪು ಎಂಬ ಅರ್ಥ ನಮ್ಮ ಭಾಷೆಯಲ್ಲೇ ಕೂತಿದೆ.

ಇನ್ನು ಕೇಳುಗ ಎಲ್ಲಿ ನಿಲ್ಲಬೇಕು? ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಮೊದಲ ವಾರದ ಸೋಮವಾರ ಪ್ರತಿವರ್ಷವೂ ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದ ಕೊನೆಯ ಭಾಗವನ್ನು ಓದುತ್ತಾರೆ. ಕುರುಬ ಕುರಿ ಆಡುಗಳನ್ನು ಬೇರೆ ಮಾಡುವಂತೆ ರಾಜ ಜನರನ್ನು ಬಲಕ್ಕೂ ಎಡಕ್ಕೂ ಬೇರ್ಪಡಿಸಿ, ಕಷ್ಟದಲ್ಲಿದ್ದವರಿಗೆ ಮಾಡಿದ್ದು ತನಗೇ ಮಾಡಿದ್ದು ಎನ್ನುತ್ತಾನೆ. ಹಸಿದವನು, ಬಾಯಾರಿದವನು, ಪರದೇಶಿ, ಬಟ್ಟೆಯಿಲ್ಲದವನು, ರೋಗಿ, ಸೆರೆಯಾಳು: ಈ ಆರು ಮಂದಿಯ ಪಟ್ಟಿ ನಾಲ್ಕು ಸಲ ಬರುತ್ತದೆ. ಕಣ್ಣಲ್ಲಿ ಓದುವವರು ಹಾರಿಸಿಬಿಡುವ ಈ ಪುನರುಕ್ತಿಯಲ್ಲೇ ಕತೆಯ ಜೀವವಿದೆ. ನೀತಿವಂತರು ಒಂದೊಂದನ್ನೂ ಬಿಡಿಸಿ ಹೇಳುತ್ತಾರೆ: ನಿನಗೆ ಯಾವಾಗ ಊಟ ಕೊಟ್ಟೆವು, ಯಾವಾಗ ಕುಡಿಯಲು ಕೊಟ್ಟೆವು, ಯಾವಾಗ ನೋಡಲು ಬಂದೆವು. ಶಾಪಕ್ಕೊಳಗಾದವರು ಅದೇ ಪಟ್ಟಿಯನ್ನು ಒಂದೇ ಉಸಿರಿಗೆ ಒಪ್ಪಿಸಿ, ಯಾವಾಗ ಉಪಚಾರ ಮಾಡಲಿಲ್ಲ ಎಂದು ಒಟ್ಟಾಗಿ ಕೇಳಿಬಿಡುತ್ತಾರೆ. ಕೈ ಮಾಡದ ಕೆಲಸಗಳು ಅವರ ಮಾತಿನಲ್ಲೂ ಬೇರೆಬೇರೆಯಾಗಿ ಬರುವುದಿಲ್ಲ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಾವು ಯಾವ ಕಡೆ ಎಂಬುದು ಎರಡು ಗುಂಪಿಗೂ ಮೊದಲೇ ಗೊತ್ತಿರಲಿಲ್ಲ. ಆದ್ದರಿಂದ ಪಕ್ಕದವನನ್ನು ಎಡಕ್ಕೆ ನಿಲ್ಲಿಸಿ ತಾನು ಬಲಕ್ಕೆ ನಿಂತು ಕೇಳುವವನಿಗೆ ಈ ವಾಚನ ದಕ್ಕುವುದಿಲ್ಲ.

ಇಷ್ಟಾದರೂ ಒಂದು ಆಕ್ಷೇಪಣೆ ಉಳಿಯುತ್ತದೆ: ಶಾಪಕ್ಕೊಳಗಾದವರಿಗೆ ನಿತ್ಯಾಗ್ನಿ ಎಂಬ ಮಾತು ಆ ಪಾಠದಲ್ಲಿ ಇದ್ದೇ ಇದೆ, ರಸಿಕತೆಯ ಹೆಸರಿನಲ್ಲಿ ಅದರ ಬಿಸಿ ಆರಿಸುವುದು ಸರಿಯೇ? ಸರಿಯಲ್ಲ. ಆ ಬಿಸಿಯನ್ನು ಹಾಗೇ ಉಳಿಸಿಕೊಂಡು ಕೇಳಬೇಕು. ಹೆದರಿಸಿ ಜನರನ್ನು ಹಿಡಿದಿಡಲು ಈ ಮಾತುಗಳನ್ನು ಬಳಸುವುದು ತಪ್ಪು. ತಕ್ಕಡಿಯ ಮೋಸ ದೇವರಿಗೆ ದೊಡ್ಡದಲ್ಲ ಎಂಬಂತೆ ಅವನ್ನು ಮೆತ್ತಗೆ ಮಾಡುವುದು ಮೋಸಹೋದವನಿಗೆ ಎಸಗುವ ಎರಡನೆಯ ಅನ್ಯಾಯ. ಆಮೋಸ ಸಾರುವ ಘೋರ ಶಿಕ್ಷೆ ಯಾವುದೆಂದು ಗಮನಿಸಿ. ಅದು ಅನ್ನದ ಬರವಲ್ಲ, ನೀರಿನ ಬರವಲ್ಲ, ದೇವರ ಮಾತು ಕೇಳಿಸದ ಬರ. ಜನ ಸಮುದ್ರದಿಂದ ಸಮುದ್ರಕ್ಕೆ ಅಲೆದರೂ ಒಂದು ಮಾತು ಸಿಗುವುದಿಲ್ಲ. ಎಂದಮೇಲೆ ದಾವಣಗೆರೆಯಲ್ಲೋ ಹರಿಹರದಲ್ಲೋ ಬೆಳಗಿನ ಪೂಜೆಯಲ್ಲಿ ಒಬ್ಬರು ನಿಂತು ಆಮೋಸನನ್ನು ಗಟ್ಟಿಯಾಗಿ ಓದುತ್ತಿದ್ದಾರೆಂದರೆ, ಆ ಬರ ಇನ್ನೂ ಬಂದಿಲ್ಲ. ಬೈಗುಳ ಕೇಳಿಸುತ್ತಿರುವತನಕ ತಕ್ಕಡಿ ಸರಿಪಡಿಸಿಕೊಳ್ಳಲು ಹೊತ್ತಿದೆ.