ಒಲೆ ಮುಂದಿನ ಆಟ

ನವೆಂಬರ್ ಮೊದಲ ವಾರದ ಹೊತ್ತಿಗೆ ಅಮೆರಿಕದ ಬೇಸ್‌ಬಾಲ್ ಮೈದಾನಗಳ ದೀಪ ಆರಿರುತ್ತದೆ. ಫೆಬ್ರವರಿ ನಡುವಿನವರೆಗೆ ಅಲ್ಲಿ ಒಂದು ಚೆಂಡೂ ಏಳುವುದಿಲ್ಲ. ನ್ಯೂಜೆರ್ಸಿಯಲ್ಲಿರುವ ನನ್ನ ಭಾವ ಮಾತ್ರ ಆ ಮೂರು ಮೂರೂವರೆ ತಿಂಗಳು ಬೇಸಿಗೆಗಿಂತ ಹೆಚ್ಚು ಹುರುಪಿನಲ್ಲಿರುತ್ತಾರೆ. "ಆಟವೇ ಇಲ್ಲವಲ್ಲ ಭಾವ, ಎಂಥ ನೋಡುವುದು?" ಎಂದು ಒಮ್ಮೆ ಕೇಳಿದೆ. "ಪತ್ತನಾಜೆ ಕಳೆದ ಮೇಲೆ ನಿನ್ನ ಅಪ್ಪ ಎಂಥ ಮಾಡುತ್ತಿದ್ದರು ಮಾರಾಯ?" ಎಂದರು.

ಅರ್ಧ ಪಾಠ ಅಲ್ಲಿಗೇ ಆಯಿತು. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡುವುದು ಮಳೆಗಾಲ ದಾಟಿದ ಮೇಲೆ. ಆ ನಡುವೆ ನಮ್ಮ ಜಗಲಿಯಲ್ಲಿ ಒಂದೇ ಚರ್ಚೆ. ಯಾವ ಭಾಗವತರು ಯಾವ ಮೇಳಕ್ಕೆ? ಸ್ತ್ರೀವೇಷದವರು ಬಿಟ್ಟರಂತಲ್ಲ, ಇನ್ನು ಯಾರು? ಅಮೆರಿಕದ ಹಳ್ಳಿಗಳಲ್ಲಿ ಜಗಲಿಯ ಬದಲಿಗೆ ಒಲೆ ಇತ್ತು. ಚಳಿಗಾಲದಲ್ಲಿ ಅಂಗಡಿಯ ಕಾದ ಒಲೆಯ ಸುತ್ತ ಕೂತು ಬೇಸ್‌ಬಾಲ್ ಮಾತಾಡುತ್ತಿದ್ದವರಿಂದಲೇ ಈ ಋತುವಿಗೆ 'ಹಾಟ್ ಸ್ಟೋವ್' ಎಂಬ ಹೆಸರು ಬಂತು. ಈಗ ಒಲೆ ಹೋಗಿ ಮೊಬೈಲ್ ಬಂದಿದೆ, ಬಿಸಿ ಮಾತ್ರ ಹಾಗೇ ಇದೆ.

ಕಟ್ಟಳೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೇಜರ್ ಲೀಗ್‌ನಲ್ಲಿ 30 ತಂಡಗಳು, ಒಂದೊಂದಕ್ಕೂ ವರ್ಷಕ್ಕೆ 162 ಪಂದ್ಯಗಳು. ಆಡುವ ಪಟ್ಟಿಯಲ್ಲಿ 26 ಜನ, ಅವರನ್ನೂ ಸೇರಿಸಿಕೊಂಡ ದೊಡ್ಡ ಪಟ್ಟಿಯಲ್ಲಿ 40 ಜನ. ಹೊಸಬನೊಬ್ಬ ಆರು ವರ್ಷದ ಸೇವೆ ಮುಗಿಸುವ ತನಕ ತಂಡದ ಹಿಡಿತದಲ್ಲೇ ಇರಬೇಕು. ಪಟ್ಟಿಯಲ್ಲಿ 172 ದಿನ ಇದ್ದರೆ ಒಂದು ವರ್ಷದ ಲೆಕ್ಕ. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸಿನಲ್ಲೇ ದುಡಿಮೆ. 2025ರಲ್ಲಿ ಅದು 7,60,000 ಡಾಲರ್. ಆಮೇಲಿನ ಮೂರು ವರ್ಷ ಸಂಬಳದಲ್ಲಿ ಒಮ್ಮತ ಬಾರದಿದ್ದರೆ ಪಂಚಾಯಿತಿದಾರರು ತೀರ್ಮಾನಿಸುತ್ತಾರೆ. ಆರು ದಾಟಿ ಒಪ್ಪಂದವೂ ಮುಗಿದಿದ್ದರೆ ಆಟಗಾರ ಫ್ರೀ ಏಜೆಂಟ್, ಯಾರ ಬಾಗಿಲು ಬೇಕಾದರೂ ತಟ್ಟಬಹುದು.

ಐಪಿಎಲ್ ಹರಾಜು ನೋಡಿ ಪಳಗಿದ ಕಣ್ಣಿಗೆ ಇಲ್ಲಿ ಸುತ್ತಿಗೆ ಕಾಣುವುದಿಲ್ಲ. ಹರಾಜಿನಲ್ಲಿ ಹೆಚ್ಚು ಕೂಗಿದವರಿಗೆ ಆಟಗಾರ ಸಿಗುತ್ತಾನೆ, ಹೋಗಬೇಕಾದ ಊರನ್ನು ಅವನು ಆರಿಸುವಂತಿಲ್ಲ. ಇಲ್ಲಿ ಆರಿಸುವವನು ಅವನೇ. ಆ ಹಕ್ಕು ಪುಕ್ಕಟೆ ಬಂದದ್ದಲ್ಲ. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಕರ್ಟ್ ಫ್ಲಡ್ ಅವರನ್ನು ಫಿಲಡೆಲ್ಫಿಯಾಕ್ಕೆ ಸಾಗಹಾಕಿತು. ವರ್ಷಕ್ಕೆ 90,000 ಡಾಲರ್ ದುಡಿಯುತ್ತಿದ್ದ ಫ್ಲಡ್, ಕೊಂಡು ಮಾರುವ ಸೊತ್ತು ತಾನಲ್ಲ ಎಂದು ಡಿಸೆಂಬರ್ 24ರಂದು ಕಮಿಷನರ್ ಬೌವೀ ಕೂನ್ ಅವರಿಗೆ ಪತ್ರ ಬರೆದು, ಕೋರ್ಟಿಗೆ ಹೋದರು. 1972ರಲ್ಲಿ ಸುಪ್ರೀಂ ಕೋರ್ಟ್ 5–3ರಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು, ಆಟದ ಬದುಕೂ ಅಷ್ಟರಲ್ಲಿ ಮುಗಿದಿತ್ತು. ಮೂರು ವರ್ಷ ಕಳೆದು, 1975ರ ಡಿಸೆಂಬರ್‌ನಲ್ಲಿ ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಅವರ ತಕರಾರಿನಲ್ಲಿ ಪಂಚಾಯಿತಿದಾರ ಪೀಟರ್ ಸೈಟ್ಜ್ ಆಟಗಾರರ ಪರ ನಿಂತಾಗ ಬಾಗಿಲು ತೆರೆಯಿತು. ಇಂದು ಯಾರಾದರೂ "ಇಷ್ಟೊಂದು ದುಡ್ಡು ಯಾಕಪ್ಪ ಇವರಿಗೆ" ಎಂದರೆ ನನಗೆ ಫ್ಲಡ್ ನೆನಪಾಗುತ್ತಾರೆ.

ಇನ್ನು ನೋಡುವ ಕ್ರಮ. ಹೊಸಬರು ದೊಡ್ಡ ಹೆಸರಿನ ಹಿಂದೆ ಓಡುತ್ತಾರೆ. ನೀವು ಮೊದಲು ತಂಡದಲ್ಲಿ ತೂತು ಎಲ್ಲಿ ಬಿದ್ದಿದೆ, ಎಷ್ಟು ಅಗಲ ಇದೆ ಎಂದು ನೋಡಿ. ಇದಕ್ಕೆ 2001ರ ಕೊನೆಯ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್‌ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಆ ವರ್ಷ 102 ಪಂದ್ಯ ಗೆದ್ದ ತಂಡ ಅದು. ಚಳಿಗಾಲ ಬಂದದ್ದೇ ಮೂವರು ಹೊರಟರು. ಜೇಸನ್ ಜಿಯಾಂಬಿ ಏಳು ವರ್ಷಕ್ಕೆ 12 ಕೋಟಿ ಡಾಲರ್‌ಗೆ ನ್ಯೂಯಾರ್ಕ್ ಯಾಂಕೀಸ್ ಸೇರಿದರು. ಜಾನಿ ಡೇಮನ್ ಬೋಸ್ಟನ್ ರೆಡ್ ಸಾಕ್ಸ್‌ಗೆ, ಪಂದ್ಯದ ಕೊನೆಗೆ ಬಂದು ಗೆಲುವನ್ನು ಕಾಯುತ್ತಿದ್ದ ಪಿಚರ್ ಜೇಸನ್ ಇಸ್ರಿಂಗ್‌ಹೌಸನ್ ಸೇಂಟ್ ಲೂಯಿಸ್‌ಗೆ. ಓಕ್‌ಲ್ಯಾಂಡಿನ ಇಡೀ ಸಂಬಳದ ಪಟ್ಟಿ ಸುಮಾರು 4 ಕೋಟಿ ಡಾಲರ್. ಜಿಯಾಂಬಿ ಒಬ್ಬರಿಗೇ ವರ್ಷಕ್ಕೆ ಸರಾಸರಿ 1.7 ಕೋಟಿ ಕೊಟ್ಟರೆ ಉಳಿದವರಿಗೆ ಗಂಜಿಯೇ ಗತಿ.

ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಮೂರು ತೂತುಗಳನ್ನೂ ಒಂದೇ ಅಳತೆಯವು ಎಂದುಕೊಳ್ಳಲಿಲ್ಲ. ಅವರು ಅಳೆದದ್ದು ಒಂದು ಗುಣವನ್ನು: ಬ್ಯಾಟು ಹಿಡಿದು ನಿಂತವನು ನೂರಕ್ಕೆ ಎಷ್ಟು ಸಲ ಔಟಾಗದೆ ಬೇಸು ಮುಟ್ಟುತ್ತಾನೆ? ಹೊಡೆದೇ ಮುಟ್ಟಬೇಕೆಂದಿಲ್ಲ. ಕೆಟ್ಟ ಚೆಂಡು ನಾಲ್ಕನ್ನು ಬಿಟ್ಟು ಸುಮ್ಮನೆ ನಿಂತರೂ ಮೊದಲ ಬೇಸಿಗೆ ನಡೆದು ಹೋಗಬಹುದು. 2001ರಲ್ಲಿ ಜಿಯಾಂಬಿ ನೂರಕ್ಕೆ ಸುಮಾರು 48 ಸಲ ಮುಟ್ಟಿದ್ದರು. ಅದು ನಿಜವಾದ ಗುಂಡಿ. ಡೇಮನ್ 32 ಸಲ; ಹೆಸರು ದೊಡ್ಡದು, ಬಿಟ್ಟುಹೋದ ಜಾಗ ಅಷ್ಟು ದೊಡ್ಡದಲ್ಲ. ಇಸ್ರಿಂಗ್‌ಹೌಸನ್ ಜಾಗಕ್ಕೆ ಟೊರಾಂಟೊದಿಂದ ಬಿಲ್ಲಿ ಕಾಕ್ ಅವರನ್ನು ತಂದರು, ಬದಲಿಗೆ ಎರಿಕ್ ಹಿನ್‌ಸ್ಕಿ ಎಂಬ ಹುಡುಗನನ್ನೂ ಇನ್ನೊಬ್ಬ ಪಿಚರನ್ನೂ ಕೊಟ್ಟರು. ಕಾಕ್ 2002ರಲ್ಲಿ 44 ಗೆಲುವುಗಳನ್ನು ಕಾದರು; ಹಿನ್‌ಸ್ಕಿ ಅಮೆರಿಕನ್ ಲೀಗಿನ ಅತ್ಯುತ್ತಮ ಹೊಸಬ ಎನಿಸಿಕೊಂಡರು. ಇಂಥ ವ್ಯಾಪಾರದಲ್ಲಿ ಸೋತವರು ಯಾರು ಎಂದು ಹುಡುಕುವುದು ಹೊಸಬರ ಚಟ. ಎರಡೂ ಕಡೆಯವರು ನಗುತ್ತಾ ಮನೆಗೆ ಹೋಗುವುದುಂಟು. ಬಿಟ್ಟುಹೋದವರ ಲೆಕ್ಕದಲ್ಲಿ ಪರಿಹಾರವೂ ಸಿಕ್ಕಿತು, ಮುಂದಿನ ಬೇಸಿಗೆಯಲ್ಲಿ ಎಳೆ ಆಟಗಾರರನ್ನು ಆರಿಸುವ ಹೆಚ್ಚಿನ ಸರದಿಗಳ ರೂಪದಲ್ಲಿ. ಡೇಮನ್ ಹೋದದ್ದಕ್ಕೆ ಬೋಸ್ಟನ್ ಬಿಟ್ಟುಕೊಟ್ಟ ಸರದಿಯಲ್ಲೇ ಓಕ್‌ಲ್ಯಾಂಡ್ ನಿಕ್ ಸ್ವಿಶರ್ ಅವರನ್ನು ಎತ್ತಿಕೊಂಡಿತು.

ಜಿಯಾಂಬಿ ಕಾಯುತ್ತಿದ್ದ ಮೊದಲ ಬೇಸಿಗೆ ಯಾರು? ಸ್ಕಾಟ್ ಹ್ಯಾಟ್‌ಬರ್ಗ್ ಬೋಸ್ಟನ್‌ನಲ್ಲಿ ಕ್ಯಾಚರ್ ಆಗಿದ್ದವರು. ಮೊಣಕೈಯ ನರ ಕೆಟ್ಟು ಚೆಂಡು ಎಸೆಯುವುದೇ ಕಷ್ಟವಾಗಿತ್ತು. ಎಸೆಯಲಾಗದ ಕ್ಯಾಚರ್ ಎಂದರೆ ಸ್ವರ ಹೋದ ಭಾಗವತರ ಹಾಗೆ. ಬೋಸ್ಟನ್ ಅವರನ್ನು ಕೊಲರಾಡೊಗೆ ದಾಟಿಸಿತು, ಕೊಲರಾಡೊ ಒಪ್ಪಂದ ಕೊಡದೆ ಕೈಬಿಟ್ಟಿತು. ಹೀಗೆ ಕೈಬಿಟ್ಟವರ ಪಟ್ಟಿ ಪ್ರತಿ ಚಳಿಗಾಲವೂ ಬರುತ್ತದೆ. ಅದನ್ನು ಓದದೆ ಪುಟ ತಿರುಗಿಸಬೇಡಿ, ರುಚಿ ಇರುವುದೇ ಅಲ್ಲಿ. ಬೀನ್ ಹ್ಯಾಟ್‌ಬರ್ಗ್ ಅವರನ್ನು ಹತ್ತು ಲಕ್ಷ ಡಾಲರಿಗೂ ಕಡಿಮೆಗೆ ಹಿಡಿದುಕೊಂಡರು. ಕೈ ಕೆಟ್ಟರೂ ಕಣ್ಣು ಕೆಟ್ಟಿರಲಿಲ್ಲ. ಒಳ್ಳೆಯ ಚೆಂಡು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿದು ಕಾಯುವ ತಾಳ್ಮೆ ಅವರಲ್ಲಿತ್ತು. ಎಂದೂ ನಿಲ್ಲದಿದ್ದ ಮೊದಲ ಬೇಸಿನ ಕೆಲಸವನ್ನು ಕೋಚ್ ರಾನ್ ವಾಷಿಂಗ್ಟನ್ ಕಲಿಸಿದರು. 2002ರಲ್ಲಿ ಹ್ಯಾಟ್‌ಬರ್ಗ್ ನೂರಕ್ಕೆ 37 ಸಲ ಬೇಸು ಮುಟ್ಟಿದರು. ಸೆಪ್ಟೆಂಬರ್ 4ರಂದು ಕ್ಯಾನ್ಸಸ್ ಸಿಟಿ ಎದುರು 11–0 ಮುಂದಿದ್ದ ಓಕ್‌ಲ್ಯಾಂಡ್ 11–11ಕ್ಕೆ ಜಾರಿತ್ತು. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಬದಲಿಯಾಗಿ ಬ್ಯಾಟು ಹಿಡಿದ ಹ್ಯಾಟ್‌ಬರ್ಗ್ ಚೆಂಡನ್ನು ಬೇಲಿಯಾಚೆ ಅಟ್ಟಿದರು. ಅದು ತಂಡದ ಸತತ ಇಪ್ಪತ್ತನೇ ಗೆಲುವು. ವರ್ಷದ ಕೊನೆಗೆ ಒಟ್ಟು 103, ಜಿಯಾಂಬಿ ಇದ್ದಾಗಿನದಕ್ಕಿಂತ ಒಂದು ಹೆಚ್ಚು.

ಇದರ ಮೇಲೆ 'ಮನಿಬಾಲ್' ಎಂಬ ಪುಸ್ತಕ 2003ರಲ್ಲೂ ಸಿನಿಮಾ 2011ರಲ್ಲೂ ಬಂದವು. ನೋಡಿ, ಆದರೆ ಒಂದು ಚಿಟಿಕೆ ಅನುಮಾನ ಇಟ್ಟುಕೊಂಡು ನೋಡಿ. ಆ ತಂಡದಲ್ಲಿ ಬ್ಯಾರಿ ಜಿಟೊ, ಟಿಮ್ ಹಡ್ಸನ್, ಮಾರ್ಕ್ ಮುಲ್ಡರ್ ಎಂಬ ಮೂವರು ಭರ್ಜರಿ ಪಿಚರುಗಳಿದ್ದರು. ಆ ವರ್ಷ ಲೀಗಿನ ಶ್ರೇಷ್ಠ ಪಿಚರ್ ಪ್ರಶಸ್ತಿ ಜಿಟೊ ಪಾಲಾಯಿತು, ಶ್ರೇಷ್ಠ ಆಟಗಾರ ಪ್ರಶಸ್ತಿ ಮಿಗೆಲ್ ತೆಹಾಡಾ ಪಾಲಾಯಿತು. ಸಿನಿಮಾದಲ್ಲಿ ಇವರು ಸುಮಾರಾಗಿ ಹಿಮ್ಮೇಳದವರು. ರಾತ್ರಿಯಿಡೀ ಆಟ ನಿಂತದ್ದು ಹಾಸ್ಯಗಾರರೊಬ್ಬರಿಂದ ಎಂದಷ್ಟೇ ಬರೆದ ವಿಮರ್ಶೆಯ ಹಾಗೆ.

ಈಗ ಅಂಕಿಯ ಸಂಗತಿ. 2023ರ ಡಿಸೆಂಬರ್‌ನಲ್ಲಿ ಶೊಹೆ ಒಹ್ತಾನಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡಕ್ಕೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್‌ಗೆ ಒಪ್ಪಿದರು. ಅಷ್ಟಕ್ಕೇ ಬಾಯಿ ಬಿಟ್ಟು ಕೂತರೆ ಅರ್ಧ ಓದಿದ ಹಾಗೆ. ಅದರಲ್ಲಿ 68 ಕೋಟಿ ಮುಂದೂಡಿದ ಹಣ, ಬಡ್ಡಿಯಿಲ್ಲದೆ 2034ರಿಂದ 2043ರವರೆಗೆ ಕೊಡುವಂಥದ್ದು. ಆಡುವಷ್ಟು ಕಾಲ ಅವರ ಕೈಗೆ ಬರುವುದು ವರ್ಷಕ್ಕೆ 20 ಲಕ್ಷ ಡಾಲರ್. ಒಟ್ಟು ಸಂಬಳ ಒಂದು ಮಿತಿ ದಾಟಿದ ತಂಡಕ್ಕೆ ಲೀಗ್ ತೆರಿಗೆ ಹಾಕುತ್ತದೆ. ಆ ತೆರಿಗೆಯ ಲೆಕ್ಕದಲ್ಲಿ ಒಹ್ತಾನಿ ಅವರದು ವರ್ಷಕ್ಕೆ 7 ಕೋಟಿಯ ಬದಲು 4.6 ಕೋಟಿಯಷ್ಟೇ. ಮರುವರ್ಷ ಹ್ವಾನ್ ಸೊಟೊ ನ್ಯೂಯಾರ್ಕ್ ಮೆಟ್ಸ್ ಜೊತೆ 15 ವರ್ಷಕ್ಕೆ 76.5 ಕೋಟಿಗೆ ಸಹಿ ಹಾಕಿದರು, ಒಂದು ಪೈಸೆಯನ್ನೂ ಮುಂದೂಡದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಂಕಿಯಲ್ಲಿ ಕಾಣುವ ಅಂತರಕ್ಕಿಂತ ನಿಜದ ಅಂತರ ತುಂಬ ದೊಡ್ಡದು. ಮುಂದೂಡುವುದರ ಹಳೆಯ ಕಥೆಯೂ ಮೆಟ್ಸ್‌ನದೇ. 2001ರಲ್ಲಿ ಕೊನೆಯ ಪಂದ್ಯ ಆಡಿದ ಬಾಬಿ ಬೊನಿಯಾ ಅವರಿಗೆ ಆ ತಂಡ 2011ರಿಂದ ಪ್ರತಿ ಜುಲೈ 1ರಂದು ಸುಮಾರು 11.9 ಲಕ್ಷ ಡಾಲರ್ ಕೊಡುತ್ತ ಬಂದಿದೆ, 2035ರವರೆಗೂ ಕೊಡಬೇಕು. ಅಭಿಮಾನಿಗಳು ಆ ದಿನವನ್ನು ಹಬ್ಬದಂತೆ ನಗುತ್ತಾ ಆಚರಿಸುತ್ತಾರೆ.

ವರ್ಷಗಳ ಸಂಖ್ಯೆಯನ್ನು ಹಣಕ್ಕಿಂತ ಮೊದಲು ಓದಿ. ಮೂವತ್ತು ದಾಟಿದವರಿಗೆ ಏಳೆಂಟು ವರ್ಷ ಬರೆದುಕೊಟ್ಟರೆ ಕೊನೆಯ ಮೂರು ವರ್ಷದ ನಷ್ಟವನ್ನು ತಂಡ ಒಪ್ಪಿಕೊಂಡೇ ಸಹಿ ಹಾಕಿದೆ ಎಂದು ತಿಳಿಯಿರಿ.

ಸುದ್ದಿ ಬಂದ ಮಾತ್ರಕ್ಕೆ ಕೆಲಸ ಆಯಿತೆಂದೂ ಅಲ್ಲ. ನಿಶ್ಚಿತಾರ್ಥ ಮುಗಿದ ಮೇಲೂ ಜಾತಕ ಕೇಳುವ ಪದ್ಧತಿ ಇಲ್ಲಿದೆ, ವೈದ್ಯಕೀಯ ತಪಾಸಣೆ ಎಂಬ ಹೆಸರಿನಲ್ಲಿ. 2022ರ ಡಿಸೆಂಬರ್‌ನಲ್ಲಿ ಕಾರ್ಲೋಸ್ ಕೊರಿಯಾ ಸ್ಯಾನ್ ಫ್ರಾನ್ಸಿಸ್ಕೊ ಜೊತೆ 13 ವರ್ಷಕ್ಕೆ 35 ಕೋಟಿಗೆ ಒಪ್ಪಿದರು. ಪತ್ರಿಕಾಗೋಷ್ಠಿಗೆ ಕೆಲವೇ ಗಂಟೆ ಇರುವಾಗ ಅದು ನಿಂತಿತು. ಎಳೆ ವಯಸ್ಸಿನಲ್ಲಿ, 2014ರಲ್ಲಿ, ಬಲಗಾಲಿಗೆ ಆದ ಶಸ್ತ್ರಚಿಕಿತ್ಸೆ ಕ್ಯಾತೆ ತೆಗೆದಿತ್ತು. ಬೆಳಗಾಗುವುದರೊಳಗೆ ಮೆಟ್ಸ್ ಬಂದು 12 ವರ್ಷಕ್ಕೆ 31.5 ಕೋಟಿ ಎಂದಿತು. ಅವರ ವೈದ್ಯರೂ ಅದೇ ಕಾಲನ್ನು ನೋಡಿ ತಲೆಯಾಡಿಸಿದರು. ಜನವರಿಯಲ್ಲಿ ಕೊರಿಯಾ ತಮ್ಮ ಹಳೆಯ ಮಿನ್ನೆಸೋಟಾ ಟ್ವಿನ್ಸ್‌ಗೇ ಆರು ವರ್ಷಕ್ಕೆ 20 ಕೋಟಿಗೆ ಮರಳಿದರು. ಆ ನಾಲ್ಕು ವಾರ ಭಾವ ಮತ್ತು ನಾನು ಮಾತಾಡಿದಷ್ಟು ಮದುವೆಮನೆಯಲ್ಲೂ ಮಾತಾಡಿರಲಿಲ್ಲ.

ಗಾಳಿಸುದ್ದಿಯನ್ನು ಉಪ್ಪಿನಕಾಯಿಯಂತೆ ಬಳಸಬೇಕು, ಅದನ್ನೇ ಊಟ ಮಾಡಬಾರದು. ಒಹ್ತಾನಿ ಸಹಿಗೆ ಹಿಂದಿನ ದಿನ ಕ್ಯಾಲಿಫೋರ್ನಿಯಾದಿಂದ ಟೊರಾಂಟೊಗೆ ಹಾರಿದ ಖಾಸಗಿ ವಿಮಾನವನ್ನು ಸಾವಿರಾರು ಜನ ಪರದೆಯ ಮೇಲೆ ಹಿಂಬಾಲಿಸಿದರು. ಬಾಗಿಲು ತೆರೆದಾಗ ಇಳಿದವರು ಕೆನಡಾದ ಉದ್ಯಮಿ ರಾಬರ್ಟ್ ಹರ್ಯಾವೆಕ್.

ಕೈಬಿಟ್ಟವರ ಪಟ್ಟಿಯಂಥ ಸಣ್ಣ ಸುದ್ದಿಗಳ ವಿಷಯಕ್ಕೆ ಮರಳೋಣ, ಯಾಕೆಂದರೆ ಓಕ್‌ಲ್ಯಾಂಡಿನ ಕಥೆಗೆ ಬಾಲವಿದೆ. 103 ಗೆದ್ದ ಆ ತಂಡ 2002ರ ಅಕ್ಟೋಬರ್‌ನಲ್ಲಿ ಮೊದಲ ಸುತ್ತಿನಲ್ಲೇ ಮಿನ್ನೆಸೋಟಾಗೆ ಸೋತಿತು. ನಿರ್ಣಾಯಕ ಐದನೇ ಪಂದ್ಯದ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಬಿಲ್ಲಿ ಕಾಕ್ ಎಸೆತಕ್ಕೆ ಡಬಲ್ ಹೊಡೆದು ರನ್ ತಂದವರು ಡೇವಿಡ್ ಒರ್ಟಿಜ್. ಎರಡು ತಿಂಗಳಲ್ಲಿ ಮಿನ್ನೆಸೋಟಾ ಅವರನ್ನು ಕೈಬಿಟ್ಟಿತು. ಅದಕ್ಕೂ ಮೊದಲು ಬೋಸ್ಟನ್ ತನ್ನ ಜನರಲ್ ಮ್ಯಾನೇಜರ್ ಕುರ್ಚಿಗೆ ಬಿಲ್ಲಿ ಬೀನ್ ಅವರನ್ನೇ ಕರೆದಿತ್ತು. ಒಪ್ಪಿ, ಮರುದಿನವೇ ಅವರು ಹಿಂದೆ ಸರಿದಿದ್ದರು. ಆ ಕುರ್ಚಿಗೆ ಬಂದ 28ರ ಥಿಯೊ ಎಪ್ಸ್ಟೀನ್ ಕೈಬಿಟ್ಟವರ ಪಟ್ಟಿಯನ್ನು ಓದುವವರು. 2003ರ ಜನವರಿಯಲ್ಲಿ ಅವರು ಬಿಲ್ ಮುಲ್ಲರ್ ಅವರನ್ನು ಕರೆತಂದರು, ಒರ್ಟಿಜ್ ಅವರನ್ನು 12.5 ಲಕ್ಷ ಡಾಲರ್‌ಗೆ ತಂದರು. ಜಿಯಾಂಬಿಯ ತಮ್ಮ ಜೆರೆಮಿಯೂ ಅಷ್ಟರಲ್ಲಿ ಅಲ್ಲಿದ್ದರು. ಅವರೆಲ್ಲರ ನಡುವೆ ಒರ್ಟಿಜ್ ಮೊದಮೊದಲು ದಿನವೂ ಆಡುವವರೂ ಆಗಿರಲಿಲ್ಲ. ಓಕ್‌ಲ್ಯಾಂಡ್ ಅತ್ತ ಕಾಕ್ ಅವರನ್ನು ಚಿಕಾಗೊ ವೈಟ್ ಸಾಕ್ಸ್‌ಗೆ ಕೊಟ್ಟು ಕೀತ್ ಫೌಲ್ಕ್ ಅವರನ್ನು ಪಡೆದಿತ್ತು. ಒಂದು ವರ್ಷ ಕಳೆದು ಫೌಲ್ಕ್ ಫ್ರೀ ಏಜೆಂಟ್ ಆದರು, ಬೋಸ್ಟನ್ ಸೇರಿದರು.

2004ರ ಅಕ್ಟೋಬರ್‌ನಲ್ಲಿ ಯಾಂಕೀಸ್ ಎದುರಿನ ಏಳು ಪಂದ್ಯಗಳ ಸರಣಿಯಲ್ಲಿ ಮೊದಲ ಮೂರು ಸೋತು ಮುಳುಗಿದ್ದ ಬೋಸ್ಟನ್‌ಗೆ ನಾಲ್ಕನೆಯದರಲ್ಲಿ ಸಮಬಲ ತಂದವರು ಮುಲ್ಲರ್. ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು ಅದನ್ನು ಗೆಲ್ಲಿಸಿದವರು ಒರ್ಟಿಜ್. ಏಳನೇ ಪಂದ್ಯದಲ್ಲಿ ಬೇಸುಗಳೆಲ್ಲ ತುಂಬಿದ್ದಾಗ ಚೆಂಡನ್ನು ಬೇಲಿ ದಾಟಿಸಿದವರು ಓಕ್‌ಲ್ಯಾಂಡ್ ಬಿಟ್ಟುಬಂದಿದ್ದ ಡೇಮನ್. 1918ರ ನಂತರ ವರ್ಲ್ಡ್ ಸೀರೀಸ್ ಗೆದ್ದಿರದ ಊರು ಅದು. 1919ರ ಡಿಸೆಂಬರ್‌ನಲ್ಲಿ, ಇಂಥದೇ ಒಂದು ಚಳಿಗಾಲದಲ್ಲಿ, ಮಹಾನ್ ಆಟಗಾರ ಬೇಬ್ ರೂತ್ ಅವರನ್ನು 1,00,000 ಡಾಲರ್‌ಗೆ ಯಾಂಕೀಸ್‌ಗೆ ಮಾರಿದ ಊರು. ಅಕ್ಟೋಬರ್ 27ರ ರಾತ್ರಿ ಸೇಂಟ್ ಲೂಯಿಸ್‌ನಲ್ಲಿ ಆ ವರ್ಷದ ವರ್ಲ್ಡ್ ಸೀರೀಸಿನ ಕೊನೆಯ ಚೆಂಡು ಪುಟಿದು ನೇರ ಫೌಲ್ಕ್ ಕೈಗೇ ಬಂತು. ಅವರು ನಾಲ್ಕು ಹೆಜ್ಜೆ ಓಡಿ, ಅದನ್ನು ಮೆಲ್ಲಗೆ ಮೊದಲ ಬೇಸಿನವನಿಗೆ ಎಸೆದರು.